ಜಾಹೀರಾತು ತೆಗೆಯಲು ಲ್ಯಾಪ್‌ಟಾಪ್ ಕೊಟ್ಟರೆ ಅದರ ಕಾವಲನ್ನೇ ಕಿತ್ತುಹಾಕಿದರು: ದಯವಿಟ್ಟು ಎಚ್ಚರ

ನಿಮ್ಮ ಕಂಪ್ಯೂಟರಿನಲ್ಲಿ ಬೇಡದ ಜಾಹೀರಾತುಗಳು ಪುಟಿಯುತ್ತಿವೆ ಎಂದು ರಿಪೇರಿ ಅಂಗಡಿಗೆ ಹೋದಾಗ, ಅಲ್ಲಿರುವವರು ಪರದೆಯನ್ನು ಅರೆಕ್ಷಣ ನೋಡಿ "ಫಾರ್ಮ್ಯಾಟ್ ಹೊಡೀಬೇಕು" ಎಂದರೆ, ದಯವಿಟ್ಟು ಕಂಪ್ಯೂಟರನ್ನು ಎತ್ತಿಕೊಂಡು ಹೊರಗೆ ಬನ್ನಿ. ಜಾಹೀರಾತು ತುರುಕುವ ತಂತ್ರಾಂಶವನ್ನು, ಅಂದರೆ ಆ್ಯಡ್‌ವೇರನ್ನು, ತೆಗೆಯಲು ಸಾಮಾನ್ಯವಾಗಿ ಫಾರ್ಮ್ಯಾಟ್, ಅಂದರೆ ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು, ಬೇಕಾಗುವುದಿಲ್ಲ. ನನಗೆ ಇದು ತಿಳಿಯುವಷ್ಟರಲ್ಲಿ ಹಣ ಹೋಗಿತ್ತು, ವರ್ಷಗಟ್ಟಲೆ ಕೂಡಿಟ್ಟ ಪ್ರಶ್ನೆಪತ್ರಿಕೆಗಳು ಹೋಗಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ನೆಮ್ಮದಿ ಹೋಗಿತ್ತು. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಸಹೋದ್ಯೋಗಿಗಳು ಬೇರೆ ಊರುಗಳ ಬೇರೆ ಅಂಗಡಿಗಳ ಬಗ್ಗೆಯೂ ಇದೇ ಮಾತು ಹೇಳಿದ್ದರಿಂದ, ಒಂದು ಹೆಸರನ್ನು ತಿಳಿದುಕೊಂಡ ಮಾತ್ರಕ್ಕೆ ನೀವು ಪಾರಾಗುತ್ತೀರಿ ಎಂಬ ಭರವಸೆ ನನಗಿಲ್ಲ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಇದ್ದುದರಿಂದ ಅವನ್ನು ಎಲ್ಲ ಕಂಪ್ಯೂಟರುಗಳಲ್ಲಿಯೂ ಓದಬಹುದಾದ ಯೂನಿಕೋಡಿಗೆ ಬದಲಿಸುವ ಸಾಧನವೊಂದನ್ನು ಹುಡುಕಿದೆ. ಹುಡುಕಾಟದ ಫಲಿತಾಂಶಗಳಲ್ಲಿ ಎಲ್ಲಕ್ಕಿಂತ ಮೇಲೆ ಬಂದ ಪುಟದಲ್ಲಿ ನುಡಿಯ ಹೆಸರೂ ಇತ್ತು, ಚಿತ್ರವೂ ಇತ್ತು. ನುಡಿ ತಂತ್ರಾಂಶವನ್ನು ರೂಪಿಸಿದ್ದು ಕನ್ನಡ ಗಣಕ ಪರಿಷತ್ತು, ಅದು ಉಚಿತ ಎನ್ನುವುದು ಶಿಕ್ಷಕರಿಗೆಲ್ಲ ಗೊತ್ತು. ಆದರೆ ಆ ಪುಟಕ್ಕೂ ಪರಿಷತ್ತಿಗೂ ಯಾವ ಸಂಬಂಧವೂ ಇರಲಿಲ್ಲ. ಅದು ಹಣ ಕೊಟ್ಟು ಮೇಲೆ ಕೂರಿಸಿದ ಜಾಹೀರಾತು. ಪುಟದ ತುಂಬ ಹಸಿರು ಬಣ್ಣದ ಡೌನ್‌ಲೋಡ್ ಗುಂಡಿಗಳಿದ್ದವು, ಅವುಗಳಲ್ಲಿ ಯಾವುದನ್ನು ಒತ್ತಿದರೂ ಇಳಿಯುತ್ತಿದ್ದುದು ಒಂದೇ ಚಿಕ್ಕ ಕಡತ. ಆ ಕಡತದ ಒಳಗೆ ಪರಿವರ್ತಕವೇ ಇರಲಿಲ್ಲ; ಬೇರೆ ಬೇರೆ ತಂತ್ರಾಂಶಗಳನ್ನು ಎಳೆದು ತರುವುದಷ್ಟೇ ಅದರ ಕೆಲಸ. ಒಪ್ಪಿಗೆಯ ಟಿಕ್ ಗುರುತುಗಳನ್ನು ಮೊದಲೇ ಹಾಕಿ, ಅವನ್ನು 'ಕಸ್ಟಮ್' ಎಂಬ ಮಸುಕಾದ ಪದದ ಹಿಂದೆ ಅಡಗಿಸಿಟ್ಟಿದ್ದರು. ಅದಾದ ಮೇಲೆ ತೆರೆದ ಪುಟ "ನೀವು ರೋಬೋಟ್ ಅಲ್ಲ ಎಂದು ಖಚಿತಪಡಿಸಲು ಅಲೋ ಒತ್ತಿ" ಎಂದು ಕೇಳಿತು. ಆ 'ಅಲೋ' ರೋಬೋಟಿಗೆ ಸಂಬಂಧಿಸಿದ್ದೇ ಅಲ್ಲ. ಬ್ರೌಸರಿನ ಮೂಲಕ ಹಗಲೂ ರಾತ್ರಿ ನೋಟಿಫಿಕೇಶನ್ ಕಳುಹಿಸಲು ಆ ಜಾಲತಾಣಕ್ಕೆ ಕೊಡುವ ಪರವಾನಗಿ ಅದು. ಈ ಒಂದು ಪದವನ್ನು ಎಲ್ಲರೂ ನೆನಪಿಡಬೇಕು ಎನ್ನುವುದು ನನ್ನ ಕೋರಿಕೆ.

ಎಸ್‌ಎಸ್‌ಎಲ್‌ಸಿ ಪೋಷಕರ ಸಭೆಯಲ್ಲಿ ಅದೇ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ ಅಂಕಗಳ ವಿಶ್ಲೇಷಣೆ ತೋರಿಸುತ್ತಿದ್ದಾಗ, ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಅರೆಬೆತ್ತಲೆ ಚಿತ್ರವೊಂದು, ಅದರ ಪಕ್ಕದಲ್ಲಿ ಇಲ್ಲಿ ಬರೆಯಲಾಗದಂಥ ಆಹ್ವಾನವೊಂದು ಮೂಡಿತು. ಮುಚ್ಚಿದರೆ ಮತ್ತೊಂದು ಬಂತು. ಮುಂದಿನ ಸಾಲಿನಲ್ಲಿ ಮುಖ್ಯೋಪಾಧ್ಯಾಯರು ಕುಳಿತಿದ್ದರು, ಹಿಂದೆ ತಂದೆತಾಯಂದಿರು, ಬಾಗಿಲ ಬಳಿ ಮಕ್ಕಳು. ಯಾರೋ ನಕ್ಕರು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಆ ಸಂಜೆಯೇ ಅಂಗಡಿಗೆ ಹೋದೆ. ಅಂಗಡಿಯ ಮಾಲೀಕ ಪರದೆಯನ್ನು ನೋಡಿ, "ವಿಂಡೋಸ್ ಪೂರ್ತಿ ಕರಪ್ಟ್ ಆಗಿದೆ ಮೇಡಂ, ಫಾರ್ಮ್ಯಾಟ್ ಬಿಟ್ರೆ ಬೇರೆ ದಾರಿ ಇಲ್ಲ" ಎಂದ. ಡೇಟಾ ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ, "ಡಿ ಡ್ರೈವ್‌ಗೆ ಏನೂ ಆಗಲ್ಲ" ಎಂದ. ಡೆಸ್ಕ್‌ಟಾಪಿನಲ್ಲಿಯೂ ಡಾಕ್ಯುಮೆಂಟ್ಸ್‌ನಲ್ಲಿಯೂ ಇಟ್ಟ ಕಡತಗಳು ಇರುವುದು ಸಿ ಡ್ರೈವಿನಲ್ಲಿ ಎಂಬುದನ್ನು ಹೇಳಬೇಕಾದ ಹೊಣೆ ಯಾರದು? ಪ್ರತಿದಿನ ಇದೇ ಕೆಲಸ ಮಾಡುವವನಿಗೆ ಅದು ಗೊತ್ತಿಲ್ಲವೇ? ಗೊತ್ತಿತ್ತು, ಹೇಳಲಿಲ್ಲ, ಅಷ್ಟೇ.

ಆಮೇಲೆ ಅವನು ಆಡಿದ ಮಾತನ್ನು ನಾನು ಕ್ಷಮಿಸಲಾರೆ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಅವರ ಎದುರಿಗೇ, "ಮನೇಲಿ ಹುಡುಗ್ರು ಇದಾರಾ ಮೇಡಂ? ಬೇಡದ ಸೈಟ್ ನೋಡಿದ್ರೇನೇ ಇಂಥವೆಲ್ಲ ಬರೋದು, ಸ್ವಲ್ಪ ಗಮನ ಇಡಿ" ಎಂದ. ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಈ ಮಾತು ಮನೆಗೆ ಮುಟ್ಟಿದ ದಿನವೇ ನಮ್ಮ ಯಜಮಾನರು ಅವನ ಫೋನನ್ನು ಕಿತ್ತುಕೊಂಡರು. ಅವನು "ಅಮ್ಮಾ, ನಾನೇನೂ ನೋಡಿಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡರೂ ಯಾರೂ ನಂಬಲಿಲ್ಲ, ಯಾಕೆಂದರೆ ಹೇಳಿದವನು ಕಂಪ್ಯೂಟರ್ ಬಲ್ಲವನು! ತಾನು ಪರೀಕ್ಷಿಸಿಯೂ ನೋಡದ ವಿಷಯದಲ್ಲಿ, ಕಾಣದ ಹುಡುಗನೊಬ್ಬನ ಮೇಲೆ ಇಷ್ಟು ಸಲೀಸಾಗಿ ಮಸಿ ಬಳಿಯುವ ಹಕ್ಕನ್ನು ಇವನಿಗೆ ಕೊಟ್ಟವರು ಯಾರು?

ಫಾರ್ಮ್ಯಾಟಿಗೆ 600 ರೂಪಾಯಿ, 'ಒಳ್ಳೆಯ ಆ್ಯಂಟಿವೈರಸ್'ಗೆ 900 ರೂಪಾಯಿ ತೆಗೆದುಕೊಂಡ. ಬಿಲ್ ಕೇಳಿದರೆ, "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ" ಎಂದ. ಮನೆಗೆ ಬಂದು ಕ್ರೋಮ್ ತೆರೆದು ನನ್ನ ಖಾತೆಗೆ ಲಾಗಿನ್ ಆದ ಸ್ವಲ್ಪ ಹೊತ್ತಿಗೆ, ಹುಡುಕಿದ್ದೆಲ್ಲ ಮತ್ತೆ ಯಾವುದೋ ಅಪರಿಚಿತ ಪುಟದ ಮೂಲಕ ಹೋಗತೊಡಗಿತು, ತಾನಾಗಿಯೇ ಹೊಸ ಟ್ಯಾಬ್‌ಗಳು ತೆರೆಯತೊಡಗಿದವು. ಅದರ ಜೊತೆಗೆ ಅವನು ಹಾಕಿಕೊಟ್ಟ 'ಆ್ಯಂಟಿವೈರಸ್' ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ, ಸರಿಪಡಿಸಲು ಹಣ ಕಟ್ಟಿ ಎಂದು ಕೂಗತೊಡಗಿತು. ಫೋನ್ ಮಾಡಿದರೆ ಬಂದ ಉತ್ತರ: "ನಾವು ಕ್ಲೀನ್ ಮಾಡೇ ಕೊಟ್ಟಿದ್ದು ಮೇಡಂ. ಮತ್ತೆ ಯಾರೋ ನೋಡಿದಾರೆ." ಮತ್ತೆ ಅದೇ ಮಾತು, ಮತ್ತೆ ಅದೇ ಬೆರಳು ನನ್ನ ಮಗನ ಕಡೆಗೆ.

ನಿಜ ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಬ್ಬಕ್ಕೆ ಊರಿಗೆ ಬಂದಾಗ. ಅವನು ಬೆಂಗಳೂರಿನಲ್ಲಿ ಇದೇ ಕ್ಷೇತ್ರದಲ್ಲಿ ದುಡಿಯುವವನು. ಲ್ಯಾಪ್‌ಟಾಪ್ ತೆರೆದು, ಮೊದಲು ವಿಂಡೋಸ್ ಸೆಕ್ಯುರಿಟಿ ನೋಡಿದ. ಅಲ್ಲಿ ಹಸಿರು ಗುರುತು ಇತ್ತು, ಎಲ್ಲ ಸುರಕ್ಷಿತವಾಗಿದೆ ಎಂದು ಅದು ಹೇಳುತ್ತಿತ್ತು. ಆಮೇಲೆ ಅದರೊಳಗಿನ ಎಕ್ಸ್‌ಕ್ಲೂಷನ್ಸ್ ಎಂಬ ಪಟ್ಟಿಯನ್ನು ತೆರೆದು ಸುಮ್ಮನಾದ. "ಏನಾಯಿತಪ್ಪಾ?" ಎಂದೆ. "ಮೇಡಂ, ಇಲ್ನೋಡಿ, ಇಡೀ ಸಿ ಡ್ರೈವನ್ನೇ ಪರೀಕ್ಷೆ ಮಾಡಬೇಡ ಅಂತ ಬರೆದಿಟ್ಟಿದಾರೆ" ಎಂದ. ಅಂದರೆ ವಿಂಡೋಸ್‌ನೊಂದಿಗೇ ಬರುವ ಡಿಫೆಂಡರ್ ಎಂಬ ಕಾವಲುಗಾರ ಬಾಗಿಲಲ್ಲಿ ನಿಂತಿದ್ದಾನೆ, ಆದರೆ ಅವನ ಕಣ್ಣಿಗೆ ಬಟ್ಟೆ ಕಟ್ಟಿದೆ. ಹಸಿರು ಗುರುತು ನೋಡಿ ನಾನು ದಿನವೂ ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುತ್ತಿದ್ದೆ. ಆ ಪಟ್ಟಿಯಲ್ಲಿದ್ದ ಒಂದೇ ಒಂದು ಸಾಲನ್ನು ನೋಡಿದಾಗ ನನ್ನ ಕೈಕಾಲು ತಣ್ಣಗಾದವು.

ಹಾಗೆ ಮಾಡಲು ಕಾರಣವನ್ನೂ ಅವನೇ ವಿವರಿಸಿದ. ಲ್ಯಾಪ್‌ಟಾಪ್ ಕೊಂಡಾಗ ಅದರಲ್ಲಿ ಅಸಲಿ ವಿಂಡೋಸ್ ಹೋಮ್ ಇತ್ತು. ಅದರ ಹಣವನ್ನು ನಾನು ಲ್ಯಾಪ್‌ಟಾಪಿನ ಬೆಲೆಯಲ್ಲಿಯೇ ಕೊಟ್ಟಿದ್ದೆ. ಅಂಗಡಿಯವನು ಅದನ್ನು ಅಳಿಸಿ, ತನ್ನ ಪೆನ್‌ಡ್ರೈವಿನಲ್ಲಿದ್ದ ನಕಲಿ ವಿಂಡೋಸ್ ಪ್ರೊ ಹಾಕಿ, ಅದನ್ನು ಅಸಲಿಯಂತೆ ತೋರಿಸುವ ಆ್ಯಕ್ಟಿವೇಟರ್ ಒಂದನ್ನು ಓಡಿಸಿದ್ದ. ಇಂಥ ಆ್ಯಕ್ಟಿವೇಟರನ್ನು ಡಿಫೆಂಡರ್ ಹಿಡಿದು ಅಳಿಸುತ್ತದೆಯಾದ್ದರಿಂದ ಡಿಫೆಂಡರಿನ ಕಣ್ಣನ್ನೇ ಕಟ್ಟಿದ್ದ. ಒಂದು ಸಣ್ಣ ಜಾಹೀರಾತು ತಂತ್ರಾಂಶವನ್ನು ತೆಗೆಯಲು ಕೊಟ್ಟರೆ, ಅಸಲಿಯನ್ನು ಕಿತ್ತು, ನಕಲಿಯನ್ನು ತುಂಬಿ, ಯಾವ ವೈರಸ್ ಬಂದರೂ ತಡೆಯದಂತೆ ಮಾಡಿ, ಅದಕ್ಕೆ ನನ್ನಿಂದಲೇ ಹಣ ತೆಗೆದುಕೊಂಡಿದ್ದ.

ಕೇಳಲು ಹೋದೆವು. "ಎಲ್ರಿಗೂ ಹೀಗೇ ಹಾಕ್ಕೊಡೋದು ಮೇಡಂ, ನೀವೊಬ್ರೇ ಕೇಳ್ತಿರೋದು" ಎಂದ. ನನ್ನ ಅಸಲಿ ವಿಂಡೋಸ್ ಎಲ್ಲಿ ಎಂದು ಕೇಳಿದರೆ, "ಪ್ರೊ ಹಾಕಿದೀನಲ್ಲ, ಅದು ಇನ್ನೂ ಒಳ್ಳೇದು" ಎಂದ. ಎಕ್ಸ್‌ಕ್ಲೂಷನ್ಸ್ ಬಗ್ಗೆ ಕೇಳಿದರೆ, "ಡಿಫೆಂಡರ್ ಇದ್ರೆ ಸಿಸ್ಟಂ ಸ್ಲೋ ಆಗುತ್ತೆ" ಎಂದ. ಹಣ ವಾಪಸು ಕೇಳಿದರೆ, "ಬಿಲ್ ಇದೆಯಾ?" ಎಂದ. ಬಿಲ್ ಕೊಡದವನೇ ಬಿಲ್ ಕೇಳಿದ. ಮಗನ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳು ಎಂದದ್ದಕ್ಕೆ ಉತ್ತರವೇ ಬರಲಿಲ್ಲ. ಮುಂದಿನ ಗಿರಾಕಿಯ ಕಡೆಗೆ ತಿರುಗಿಕೊಂಡ.

ಆ್ಯಡ್‌ವೇರ್ ಬರಲು 'ಬೇಡದ ಸೈಟ್' ನೋಡಲೇಬೇಕೆಂಬುದು ಶುದ್ಧ ಸುಳ್ಳು. ಇದನ್ನು ತಂದೆತಾಯಂದಿರು ಗಟ್ಟಿಯಾಗಿ ತಿಳಿದುಕೊಳ್ಳಬೇಕು. 2014ರ ಕೊನೆಯ ತಿಂಗಳುಗಳಲ್ಲಿ ಲೆನೊವೊ ಕಂಪನಿ ಮಾರಿದ ಕೆಲವು ಮಾದರಿಯ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಕಾರ್ಖಾನೆಯಿಂದಲೇ ಸೇರಿ ಬಂದಿತ್ತು. ಬೀಗದ ಗುರುತಿರುವ ಸುರಕ್ಷಿತ ಪುಟಗಳ ಒಳಗೂ ಅದು ನುಸುಳುತ್ತಿತ್ತು. 2015ರ ಫೆಬ್ರವರಿಯಲ್ಲಿ ಇದು ಬಯಲಾಗಿ, 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಗ್ರಾಹಕ ರಕ್ಷಣಾ ಸಂಸ್ಥೆಯ ಜೊತೆ ಕಂಪನಿ ರಾಜಿ ಮಾಡಿಕೊಳ್ಳಬೇಕಾಯಿತು. ಡಬ್ಬಿಯಿಂದ ತೆಗೆದ ಹೊಸ ಲ್ಯಾಪ್‌ಟಾಪಿನಲ್ಲಿ ಯಾವ ಹುಡುಗ ಯಾವ ಸೈಟ್ ನೋಡಿದ್ದ? 2011ರ ಡಿಸೆಂಬರಿನಲ್ಲಿ ಡೌನ್‌ಲೋಡ್ ಡಾಟ್ ಕಾಮ್ ಎಂಬ ಹೆಸರಾಂತ ತಾಣ ಎನ್‌ಮ್ಯಾಪ್ ಎಂಬ ಉಚಿತ ತಂತ್ರಾಂಶವನ್ನು ತನ್ನದೇ ಇನ್‌ಸ್ಟಾಲರಿನಲ್ಲಿ ಸುತ್ತಿ, ಟೂಲ್‌ಬಾರ್ ಸೇರಿಸಿ ಹಂಚುತ್ತಿದೆ ಎಂದು ಅದನ್ನು ಬರೆದವರೇ ಬಹಿರಂಗವಾಗಿ ದೂರಿದ್ದರು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ತಂತ್ರಾಂಶ ಹುಡುಕುವವರನ್ನೇ ಈ ದಂಧೆ ಹಿಡಿಯುತ್ತದೆ. ಪ್ರತಿ ಇನ್‌ಸ್ಟಾಲಿಗೆ ಇಷ್ಟು ಎಂದು ಹಣ ಸಿಗುವ ವ್ಯಾಪಾರ ಅದು.

ನನ್ನ ವಿದ್ಯಾರ್ಥಿ ಮಾಡಿದ್ದನ್ನು ಹೇಳುತ್ತೇನೆ. ಮನೆಯಲ್ಲಿಯೇ ಮಾಡಿಕೊಳ್ಳಬಹುದಾದದ್ದು ಎಷ್ಟು ಎಂಬುದು ತಿಳಿಯಲಿ. ಫಾರ್ಮ್ಯಾಟ್ ಆದ ಮೇಲೂ ಕಾಟ ಮರಳಿ ಬಂದದ್ದು ಕ್ರೋಮ್‌ನ ಸಿಂಕ್ ಮೂಲಕ, ಅಂದರೆ ಖಾತೆಯಲ್ಲಿರುವುದನ್ನೆಲ್ಲ ಲಾಗಿನ್ ಆದ ಕಡೆಗೆ ತರುವ ಸೌಲಭ್ಯದ ಮೂಲಕ. ಹಾಳು ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಕೊಳ್ಳುವ ಚಿಕ್ಕ ತಂತ್ರಾಂಶ, ನನ್ನ ಖಾತೆಗೆ ಅಂಟಿಕೊಂಡಿದ್ದರಿಂದ, ಹೊಸ ಕ್ರೋಮಿನಲ್ಲಿ ಲಾಗಿನ್ ಆದೊಡನೆ ಅದೂ ಇಳಿದು ಬಂದಿತ್ತು. ಅದನ್ನು ತೆಗೆದುಹಾಕುವವರೆಗೆ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ವ್ಯರ್ಥ, ಇದು ಅಂಗಡಿಯವನಿಗೆ ತಿಳಿದಿರಬೇಕಾದ ಮೊದಲ ಪಾಠ. ಪ್ರೊಜೆಕ್ಟರಿನಲ್ಲಿ ಕಂಡ ಅಸಹ್ಯಕ್ಕೆ ಬೇಕಾಗಿದ್ದ ಮದ್ದು ಇನ್ನೂ ಸುಲಭದ್ದು: ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್ ಒಳಗೆ ನೋಟಿಫಿಕೇಶನ್ಸ್ ತೆರೆದು, ಗುರುತಿಲ್ಲದ ತಾಣಗಳಿಗೆ ಕೊಟ್ಟ ಅನುಮತಿಯನ್ನು ಅಳಿಸಿದ್ದರೆ ಅದು ನಿಂತುಹೋಗುತ್ತಿತ್ತು. ಅಂಗಡಿಯಿಂದ ಬಂದ ಮೇಲೆ ಕ್ರೋಮ್‌ನ ಮೆನುವಿನ ಕೆಳಗೆ "ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಎಂಬ ಅರ್ಥದ ಸಾಲೊಂದು ಕಾಣಿಸಿಕೊಂಡಿತ್ತು. ಕಚೇರಿಯ ಕಂಪ್ಯೂಟರಿನಲ್ಲಿ ಇದು ಸಹಜ, ಕೆಲವು ಅಸಲಿ ಆ್ಯಂಟಿವೈರಸ್‌ಗಳಿಂದಲೂ ಬರಬಹುದು, ಆದರೆ ಮನೆಯ ಕಂಪ್ಯೂಟರಿನಲ್ಲಿ ಕಾರಣವಿಲ್ಲದೆ ಕಂಡರೆ ಯಾರೋ ಒಳಗೆ ನಿಯಮ ಬರೆದಿಟ್ಟಿದ್ದಾರೆ ಎಂದೇ ಶಂಕಿಸಬೇಕು. ಆ ನಿಯಮ ಇರುವತನಕ ಎಕ್ಸ್‌ಟೆನ್ಶನ್ ತೆಗೆಯುವ ಗುಂಡಿಯೇ ಕೆಲಸ ಮಾಡದಿರಬಹುದು. ಆ್ಯಪ್‌ಗಳ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿದರೆ ಒಟ್ಟಿಗೆ ನುಗ್ಗಿದವು ಒಟ್ಟಿಗೇ ಕಾಣುತ್ತವೆ. ಅವನ್ನು ತೆಗೆದ ಮೇಲೂ ಮರಳಿ ಬಂದರೆ ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿಯೇ ನಡೆಸುವ ಟಾಸ್ಕ್ ಶೆಡ್ಯೂಲರಿನಲ್ಲಿ ಅವನ್ನು ಮತ್ತೆ ಕರೆತರುವ ಕೆಲಸವೊಂದು ಕೂತಿರಬಹುದು. ಮಾಲ್‌ವೇರ್‌ಬೈಟ್ಸ್‌ನವರ ಆ್ಯಡ್‌ಡಬ್ಲ್ಯುಕ್ಲೀನರ್ ಇದಕ್ಕೆಂದೇ ಇರುವ ಉಚಿತ ಸಾಧನ, ಆದರೆ ಅದನ್ನು ಅವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು.

ನನ್ನ ಲ್ಯಾಪ್‌ಟಾಪಿಗೆ ಇಷ್ಟು ಸಾಕಾಗಲಿಲ್ಲ. ಜಾಹೀರಾತಿಗೆ ಫಾರ್ಮ್ಯಾಟ್ ಬೇಕಿರಲಿಲ್ಲ, ಅಂಗಡಿಯವನ ಕೆಲಸವನ್ನು ತೊಳೆಯಲು ಬೇಕಾಯಿತು! ಮೈಕ್ರೋಸಾಫ್ಟ್‌ನ ತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ, 8 ಜಿಬಿಯ ಪೆನ್‌ಡ್ರೈವಿನಲ್ಲಿ ವಿಂಡೋಸ್ ತುಂಬಿ ಹಾಕಿದಾಗ, ಲ್ಯಾಪ್‌ಟಾಪಿನೊಳಗೇ ಅಡಗಿದ್ದ ಅಸಲಿ ಕೀಲಿಯನ್ನು ಅದು ತಾನಾಗಿಯೇ ಗುರುತಿಸಿ ಹೋಮ್ ಆವೃತ್ತಿಯನ್ನು ಆ್ಯಕ್ಟಿವೇಟ್ ಮಾಡಿಕೊಂಡಿತು. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಪಾಸ್‌ವರ್ಡುಗಳನ್ನೆಲ್ಲ ಬೇರೆ ಸಾಧನದಿಂದ ಬದಲಿಸಿದೆ.

ಕೇಳುವವರಿಗೆ ನಾನು ಹೇಳುವುದು ಇಷ್ಟು. ಕನ್ನಡದಲ್ಲಿ ಟೈಪ್ ಮಾಡಲೆಂದು ಸಿಕ್ಕಿದ ತಾಣದಿಂದ ಏನನ್ನೂ ಇಳಿಸಿಕೊಳ್ಳಬೇಡಿ. 2019ರ ಮೇ ಅಪ್‌ಡೇಟ್‌ನಿಂದೀಚೆಗೆ ವಿಂಡೋಸ್ 10ರಲ್ಲಿಯೇ ಉಚ್ಚಾರಣೆಯಂತೆ ಟೈಪಿಸುವ ಕನ್ನಡ ಕೀಲಿಮಣೆ ಇದೆ, ನುಡಿಯ ಹಳೆಯ ಬರಹವನ್ನು ಬದಲಿಸಲು ಪುಟದಲ್ಲಿಯೇ ಅಂಟಿಸಿ ಪಡೆಯುವ, ಇನ್‌ಸ್ಟಾಲ್ ಬೇಡದ ಪರಿವರ್ತಕಗಳಿವೆ. ವಿಂಡೋಸ್ ಸೆಕ್ಯುರಿಟಿಯ ಆ್ಯಪ್ ಮತ್ತು ಬ್ರೌಸರ್ ನಿಯಂತ್ರಣದಲ್ಲಿ, ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆಯನ್ನು ಚಾಲೂ ಮಾಡಿ. ಮೈಕ್ರೋಸಾಫ್ಟ್ ಹೆಸರಿನಲ್ಲಿ ಫೋನ್ ನಂಬರ್ ತೋರಿಸುವ ಯಾವ ಎಚ್ಚರಿಕೆಯೂ ಅಸಲಿಯಲ್ಲ. ಅದಕ್ಕೆ ಕರೆ ಮಾಡಿ ಹಣ ಕಳೆದುಕೊಂಡಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅಂಗಡಿಗೆ ಕೊಡಲೇಬೇಕಾದರೆ ಕಡತಗಳ ಪ್ರತಿ ತೆಗೆದಿಟ್ಟುಕೊಂಡು, ಬಿಲ್ ಪಡೆದೇ ಕೊಡಿ, ಮರಳಿ ತಂದ ದಿನವೇ ಎಕ್ಸ್‌ಕ್ಲೂಷನ್ಸ್ ಪಟ್ಟಿ ತೆರೆದು ನೋಡಿ. ನಿಮ್ಮ ಲ್ಯಾಪ್‌ಟಾಪ್ ಈಗಾಗಲೇ ಅಂಥ ಅಂಗಡಿಯಿಂದ ಬಂದದ್ದಾಗಿದ್ದರೆ ಈಗಲೇ ನೋಡಿ. ಮನೆಯ ಮಕ್ಕಳ ಮೇಲೆ ಯಾರಾದರೂ ಬೆರಳು ತೋರಿಸಿದರೆ, ಯಾವ ಕಡತ, ಯಾವ ದಿನಾಂಕ, ಎಲ್ಲಿಂದ ಬಂತು ಎಂದು ತೋರಿಸುವವರೆಗೆ ಆ ಮಾತನ್ನು ಹೊಸಿಲು ದಾಟಿಸಬೇಡಿ.