ಹಾನ್ಸ್ ವೇರ್ ಅರಬ್ಬಿ ನಿಘಂಟು: ಕಂದಾಯ ಇಲಾಖೆಯಲ್ಲಿದ್ದವನ ಅನುಭವ

ನನ್ನ ನೌಕರಿಯೆಲ್ಲ ತಾಲ್ಲೂಕು ಕಚೇರಿಯಲ್ಲೇ ಕಳೆಯಿತು. ವಸೂಲಿ, ಜಮಾಬಂದಿ, ತಕರಾರು, ಬಗರ್ ಹುಕುಂ: ಬೆಳಗಿಂದ ಸಂಜೆವರೆಗೆ ಬಾಯಲ್ಲಿ ಇವೇ. ಪಾರಸಿಯ ದಾರಿಯಲ್ಲಿ ನಮ್ಮವರೆಗೆ ಬಂದ ಈ ಅರಬ್ಬಿ ಮಾತುಗಳ ಬೇರು ನೋಡಬೇಕೆಂಬ ಆಸೆ ನಿವೃತ್ತಿಯಾದ ಮೇಲೆ ಕೈಗೂಡಿತು. ಒಂದಿಷ್ಟು ಅರಬ್ಬಿ ಕಲಿತು ಹಾನ್ಸ್ ವೇರ್ ಅವರ ಅರಬ್ಬಿ-ಇಂಗ್ಲಿಷ್ ನಿಘಂಟನ್ನು ಕೊಂಡೆ. ಜರ್ಮನ್ ಮೂಲ 1952ರದು. ಮಿಲ್ಟನ್ ಕೋವನ್ ಸಂಪಾದಿಸಿದ ಇಂಗ್ಲಿಷ್ ರೂಪ ಬಂದದ್ದು 1961ರಲ್ಲಿ. ನನ್ನ ಹತ್ತಿರ ಇರುವುದು ನಾಲ್ಕನೆಯ ಆವೃತ್ತಿಯ ಪೇಪರ್‌ಬ್ಯಾಕ್.

ಇದರಲ್ಲಿ ಪದಗಳು ಧಾತುವಿನ, ಅಂದರೆ ಪದದ ಬೇರಾದ (ಸಾಮಾನ್ಯವಾಗಿ ಮೂರು) ವ್ಯಂಜನಗಳ, ಕೆಳಗೆ ಕೂಡಿಕೊಂಡಿವೆ. ಅದೇ ಇದರ ದೊಡ್ಡ ಗುಣ. ವ-ಸ-ಲ ತೆಗೆಯಿರಿ. ಸೇರು, ತಲುಪು ಎಂಬುದು ಮೂಲಾರ್ಥ. ಕೆಳಗೇ ‘ವುಸೂಲ್’, ಬಂದು ಮುಟ್ಟುವುದು. ಕೊಲ್ಲಿ ದೇಶಗಳ ವಿಮಾನ ನಿಲ್ದಾಣಗಳಲ್ಲಿ ಆಗಮನದ ಫಲಕದ ಮೇಲೆ ಬರೆದಿರುವುದೂ ಇದೇ. ದುಡ್ಡು ಖಜಾನೆಗೆ ಬಂದು ಮುಟ್ಟಿದರೆ ನಮಗೆ ವಸೂಲಿ! ‘ಈಸಾಲ್’ ಅಂದರೆ ರಸೀದಿ, ‘ಮುವಾಸಲಾತ್’ ಅಂದರೆ ಸಾರಿಗೆ, ‘ಇತ್ತಿಸಾಲ್’ ಅಂದರೆ ಸಂಪರ್ಕ, ಫೋನ್ ಕರೆ. ಇಡೀ ಕುಟುಂಬ ಒಂದೇ ಕಡೆ ಸಿಗುತ್ತದೆ.

ತೊಡಕೂ ಅಲ್ಲೇ ಇದೆ. ‘ಇತ್ತಿಸಾಲ್’ನಲ್ಲಿ ವಕಾರ ತಕಾರವಾಗಿ ಅಡಗಿದೆ ಎಂದು ಮೊದಲೇ ಗೊತ್ತಿರದವರಿಗೆ ಆ ಪದ ಸಿಗುವುದಿಲ್ಲ. ಕ್ರಿಯಾರೂಪಗಳಿಗೆ ಬರೀ ರೋಮನ್ ಅಂಕಿ ಕೊಟ್ಟಿರುತ್ತಾರೆ. ರೂಪವನ್ನು ನಾವೇ ಕಟ್ಟಿಕೊಳ್ಳಬೇಕು. ವ್ಯಾಕರಣ ಸ್ವಲ್ಪವಾದರೂ ಬಾರದವರು ಆತುರಪಟ್ಟು ಕೊಳ್ಳಬೇಡಿ.

ಇನ್ನೊಂದು ಮಾತು. ಇದು ಈಗಿನ ಬರವಣಿಗೆಯ ನಿಘಂಟು. ತಕರಾರಿನ ಧಾತುವಾದ ಕ-ರ-ರದಲ್ಲಿ ‘ಮತ್ತೆ ಮತ್ತೆ ಮಾಡು’ ಎಂಬ ಅರ್ಥದ ಜೊತೆಗೆ ಶುದ್ಧೀಕರಣವೂ ಇದೆ. ತೈಲ ಸಂಸ್ಕರಣೆಗೆ ಅರಬ್ಬರು ಬಳಸುವ ಮಾತು ಅದು. ಹಳೆಯ ಅರ್ಥ ಬೇಕಾದಾಗ ನಾನು ಎಡ್ವರ್ಡ್ ಲೇನ್ ಅವರ ಅರಬ್ಬಿ-ಇಂಗ್ಲಿಷ್ ಕೋಶಕ್ಕೆ (1863–1893) ಹೋಗುತ್ತೇನೆ. ‘ತಹಸೀಲ್’ ಅಂದರೆ ಮೂಲದಲ್ಲಿ ಸಿಪ್ಪೆ ಬಿಡಿಸಿ ತಿರುಳು ತೆಗೆಯುವುದು, ಗಣಿಯ ಕಲ್ಲಿನಿಂದ ಚಿನ್ನ, ಹೊಟ್ಟಿನಿಂದ ಗೋಧಿ ಬೇರೆ ಮಾಡುವುದು. ತಹಶೀಲ್ದಾರರ ಹುದ್ದೆಯೊಳಗೆ ಕಣದ ಕೆಲಸ ಕೂತಿದೆ ಎಂದು ತಿಳಿದ ದಿನ ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನ್ ಮಾಡಿ ಹೇಳಿದೆ. ಲೇನ್ ಮುಖ್ಯವಾಗಿ ನೆಚ್ಚಿದ ‘ತಾಜುಲ್ ಅರೂಸ್’ ಕೋಶದ ಕರ್ತೃ ಜಬೀದಿ ಹುಟ್ಟಿದ್ದು ನಮ್ಮ ಉತ್ತರ ಪ್ರದೇಶದ ಬಿಲ್‌ಗ್ರಾಮದಲ್ಲಿ ಎಂಬುದೂ ಆಗಲೇ ತಿಳಿದದ್ದು.

ಆದರೆ ಲೇನ್ 1876ರಲ್ಲಿ ತೀರಿಕೊಂಡಾಗ ಕೆಲಸ ‘ಕಾಫ್’ (ق, ಗಂಟಲಿನಿಂದ ಹೊರಡುವ ಕಕಾರ; ನಮ್ಮ ‘ಕ’ದಂಥ ك ಇದರ ಮುಂದಿನದು) ಅಕ್ಷರದಲ್ಲಿತ್ತು. ಉಳಿದದ್ದನ್ನು ಅವರ ಟಿಪ್ಪಣಿಗಳಿಂದ ಹೊಂದಿಸಿದ್ದಾರೆ. ಹಾಗಾಗಿ ಆಮೇಲೆ ಬರುವ ತಕರಾರು, ವಸೂಲಿಗಳ ಧಾತುಗಳಿಗೆ ಅಲ್ಲಿ ಆ ತುಂಬು ವಿವರಣೆ ಇಲ್ಲ. ಮತ್ತೆ ವೇರ್ ಅವರೇ ಗತಿ.

ದುಡ್ಡು ಕೊಟ್ಟು ಒಂದನ್ನೇ ಕೊಳ್ಳುವವರು ವೇರ್ ಕೊಳ್ಳಿ, ಲೇನ್ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಪೇಪರ್‌ಬ್ಯಾಕ್‌ನ ಅಕ್ಷರ ತೀರಾ ಸಣ್ಣದು. ನನ್ನ ವಯಸ್ಸಿನವರು ದೊಡ್ಡ ಅಳತೆಯ, ಗಟ್ಟಿ ರಟ್ಟಿನ ಪ್ರತಿಯನ್ನೇ ಹುಡುಕಿ.