ಪೋರ್ ಟೈಟನಿಂಗ್ ಫೇಶಿಯಲ್: ಕೈ ಚುರುಕು, ಮಾತು ಜಾಸ್ತಿ

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಏರಿಯಾದ ಈ ಪಾರ್ಲರ್ ಚೊಕ್ಕವಾಗಿದೆ, ಟವೆಲ್ ಒಗೆದಿರುತ್ತಾರೆ, ಫೇಶಿಯಲ್ ಮಾಡಿದ ಹುಡುಗಿಯ ಕೈ ಬಲು ಹಗುರ. ನನ್ನ ತಕರಾರು ಇರುವುದು ಗೋಡೆಯ ಮೇಲಿನ ಬೋರ್ಡಿನ ಬಗ್ಗೆ: ‘ಪೋರ್ಸ್ ಶಾಶ್ವತವಾಗಿ ಮುಚ್ಚುತ್ತೇವೆ, 1,800 ರೂಪಾಯಿ’. ಪೋರ್ಸ್ ಅಂದರೆ ಚರ್ಮದ ಮೇಲಿನ ಸಣ್ಣ ಸಣ್ಣ ತೂತು. ಶಾಶ್ವತವಾಗಿ ಮುಚ್ಚಿಬಿಟ್ಟರೆ ಒಳಗಿನ ಎಣ್ಣೆ ಎಲ್ಲಿಂದ ಹೊರಗೆ ಬರಬೇಕು ಸ್ವಾಮಿ?

ನನಗೆ ಈಗ 46. ಕಾಲೇಜಿನ ದಿನಗಳಲ್ಲಿ ಮೂಗಿನ ಮೇಲೆ ಮಾತ್ರ ತೂತು ಕಾಣುತ್ತಿತ್ತು, ದುಂಡಗೆ, ಸಣ್ಣಗೆ. ಈಗ ಕೆನ್ನೆಗೂ ಬಂದಿದೆ. ಕನ್ನಡಿ ಹತ್ತಿರ ಹೋದರೆ ಕೆಳಕ್ಕೆ ಜಗ್ಗಿದ ಹಾಗೆ ಉದ್ದುದ್ದ ಕಾಣುತ್ತವೆ.

ಕ್ಲೆನ್ಸಿಂಗ್, ಸ್ಕ್ರಬ್, ಆಮೇಲೆ ಸ್ಟೀಮ್. ಅದಾದ ಮೇಲೆ ತುದಿಯಲ್ಲಿ ಸಣ್ಣ ಬಳೆ ಇರುವ ಸ್ಟೀಲ್ ಕಡ್ಡಿ ತಗೊಂಡು ಮೂಗಿನ ಪಕ್ಕ ಒತ್ತಿದಳು, ಕಣ್ಣಲ್ಲಿ ನೀರು ಬಂತು. ಬಿಳೀ ಎಳೆ, ತುದಿ ಮಾತ್ರ ಕಪ್ಪು, ಟಿಶ್ಯೂ ಮೇಲೆ ಒರೆಸಿ ನನ್ನ ಮುಖದ ಮುಂದೆ ಹಿಡಿದು "ನೋಡಿ ಮೇಡಂ, ಎಷ್ಟೊಂದು ಕೊಳೆ!" ಅಂದಳು. ಅದು ಕೊಳೆ ಅಲ್ಲಮ್ಮ. ಚರ್ಮದ ಎಣ್ಣೆ, ಜೊತೆಗೆ ಸತ್ತ ಚರ್ಮ. ಗಾಳಿ ತಾಗಿ ತುದಿ ಕಪ್ಪಾಗುತ್ತದೆ ಅಷ್ಟೇ, ಮತ್ತೆ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ.

"ಸ್ಟೀಮ್‌ಗೆ ಪೋರ್ಸ್ ಓಪನ್ ಆಗಿದೆ, ಈಗ ಐಸ್ ಇಟ್ಟು ಕ್ಲೋಸ್ ಮಾಡ್ತೀವಿ." ಇದನ್ನು ಎಲ್ಲಾ ಪಾರ್ಲರ್‌ನಲ್ಲೂ ಹೇಳುತ್ತಾರೆ, ಅಲ್ವಾ? ಬಾಗಿಲಿನ ಹಾಗೆ ತೆರೆದು ಮುಚ್ಚುವುದಕ್ಕೆ ಅಲ್ಲಿ ಸ್ನಾಯು ಇಲ್ಲ. ಸ್ಟೀಮ್ ಜಿಡ್ಡನ್ನು ಮೆತ್ತಗೆ ಮಾಡುತ್ತದೆ. ಐಸ್ ಇಟ್ಟಾಗ ಸ್ವಲ್ಪ ಹೊತ್ತು ಚರ್ಮ ಬಿಗಿದ ಹಾಗಿರುತ್ತದೆ. ನನ್ನ ಮುಖ ಸಂಜೆವರೆಗೆ ಫಳಫಳ ಅಂತಿತ್ತು, ನಿಜ. ಮಾರನೇ ದಿನ ಬೆಳಗ್ಗೆ ಕೆನ್ನೆ ಮೇಲಿನ ತೂತುಗಳು ಇದ್ದ ಹಾಗೇ ಇದ್ದವು.

ವಯಸ್ಸಾದ ಮೇಲೆ ತೂತು ಎದ್ದು ಕಾಣುವುದಕ್ಕೆ ಮುಖ್ಯ ಕಾರಣ ಜಿಡ್ಡು ಅಲ್ಲವೇ ಅಲ್ಲ. ಮುಟ್ಟು ನಿಂತ ಮೇಲೆ ಎಣ್ಣೆ ಕಮ್ಮಿಯೇ ಆಗುತ್ತದೆ, ಆದರೂ ತೂತು ದೊಡ್ಡದಾಗಿಯೇ ಕಾಣುತ್ತದೆ. ಯಾಕೆಂದರೆ ತೂತಿನ ಸುತ್ತಲಿನ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್, ಎಲಾಸ್ಟಿನ್ ಸವೆದು ಹೋಗಿರುತ್ತವೆ. ಅದನ್ನು ಜಾಸ್ತಿ ಹಾಳು ಮಾಡುವುದು ಬಿಸಿಲು, ಅದರಲ್ಲೂ ಯುವಿಎ ಅನ್ನುವ ಕಣ್ಣಿಗೆ ಕಾಣದ ಕಿರಣ. ಅದು ಮೋಡ ಇದ್ದರೂ ಬರುತ್ತದೆ, ಮನೆ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಇನ್ನು ಅಪ್ಪ-ಅಮ್ಮನಿಂದ ಬಂದ ಚರ್ಮದ ಗುಣ ಬೇರೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ.

ಇಷ್ಟು ಗೊತ್ತಿದ್ದೂ ಹೋಗಿದ್ದು ನಾದಿನಿ ಕೊಡಿಸಿದ ಗಿಫ್ಟ್ ವೋಚರ್ ಇತ್ತು ಅಂತ. ಆ ದುಡ್ಡು ನನ್ನ ಕೈಯಲ್ಲಿದ್ದಿದ್ದರೆ ಎಸ್‌ಪಿಎಫ್ 30ಕ್ಕಿಂತ ಕಮ್ಮಿ ಇಲ್ಲದ, ಯುವಿಎ ತಡೆಯುವ ಒಳ್ಳೆ ಸನ್‌ಸ್ಕ್ರೀನ್ ತಗೊಂಡು ದಿನಾ ಹಚ್ಚುತ್ತಿದ್ದೆ. ಉಳಿದಿದ್ದರಲ್ಲಿ ಚರ್ಮದ ಡಾಕ್ಟರ್ ಫೀಸು. ರಾತ್ರಿ ಹಚ್ಚುವ, ವಿಟಮಿನ್ ಎ ಜಾತಿಯ ರೆಟಿನಾಯ್ಡ್ ಜೆಲ್ (ಅಡಾಪಲೀನ್ 0.1% ಥರದ್ದು) ನಮಗೆ ಆಗುತ್ತಾ ಅಂತ ಅವರೇ ಹೇಳಬೇಕು. ಮೊದಲಿಗೆ ಚರ್ಮ ಸಿಪ್ಪೆ ಏಳುತ್ತದೆ, ಉರಿಯುತ್ತದೆ, ತಿಂಗಳುಗಟ್ಟಲೆ ತಾಳ್ಮೆ ಬೇಕು. ಬಸುರಿಯರು ಅದನ್ನು ಮುಟ್ಟಲೇಬಾರದು. ಅದರಿಂದಲೂ ತೂತು ಮಾಯ ಆಗಲ್ಲ, ಕಮ್ಮಿ ಕಾಣಬಹುದು ಅಷ್ಟೇ.

ಕೊನೆಗೆ ಬಿಲ್ ಕೌಂಟರ್‌ನಲ್ಲಿ ಒಂದು ಸಲಕ್ಕೆ ರಿಸಲ್ಟ್ ಬರಲ್ಲ, ಆರು ಸಿಟ್ಟಿಂಗ್ ಪ್ಯಾಕೇಜ್ ತಗೊಳ್ಳಿ ಅಂತ ಶುರು ಮಾಡಿದರು. ಹಾಗಾದರೆ ಬೋರ್ಡಿನಲ್ಲಿ ‘ಶಾಶ್ವತ’ ಅಂತ ಯಾಕೆ ಹಾಕಿದ್ದೀರಿ ಅಂತ ಕೇಳಿದೆ. ನಕ್ಕು ಸುಮ್ಮನಾದರು.

ಐದಕ್ಕೆ ಎರಡೂವರೆ ಸ್ಟಾರ್, ಅದೂ ಆ ಹುಡುಗಿಯ ಕೈಗೆ. ಮಸಾಜ್‌ಗೆ, ಸುಮ್ನೆ ಒಂದು ಗಂಟೆ ಕಣ್ಣು ಮುಚ್ಚಿ ಮಲಗೋದಕ್ಕೆ ಹೋಗುವುದಾದರೆ 600ರ ಕ್ಲೀನಪ್ ಸಾಕು. ಥ್ರೆಡ್ಡಿಂಗ್ ಚೆನ್ನಾಗಿ ಮಾಡುತ್ತಾರೆ, ಭಾನುವಾರ ಮಾತ್ರ ವಿಪರೀತ ಕ್ಯೂ.