ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ ಅಂದುಕೊಂಡಿದ್ದೆ

ವಿಂಡೋಸ್ ತೆಗೆದು ಅದರ ಜಾಗದಲ್ಲಿ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂತ ಹೊರಟಿದ್ದೀರಾ? ಹಾಕಿ, ಬೇಡ ಅನ್ನಲ್ಲ. ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಸಿ, ಡಿ, ಇ ಅಂತ ಡ್ರೈವ್‌ಗಳಿದ್ದು, ಮುಖ್ಯವಾದದ್ದೆಲ್ಲ ಡಿ ಒಳಗಿದೆ ಎಂಬ ಧೈರ್ಯದಲ್ಲಿದ್ದರೆ ಒಂದು ನಿಮಿಷ ನಿಲ್ಲಿ. ನಾನೂ ಅದೇ ಧೈರ್ಯದಲ್ಲಿದ್ದೆ.

ನಮ್ಮದು 2016ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿಕೊಂಡು ಬಂದ ಡೆಸ್ಕ್‌ಟಾಪ್. ಇಂಟೆಲ್‌ನ ಆರನೇ ಜನರೇಷನ್ ಐ3 ಪ್ರೊಸೆಸರ್, 1 ಟಿಬಿ ಹಾರ್ಡ್ ಡಿಸ್ಕ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ನಿಂದ ಈಚಿನದು ಬೇಕು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಬೇಕು. ನಮ್ಮದರಲ್ಲಿ ಎರಡೂ ಇಲ್ಲ. ನೆಟ್ಟಗೆ ಓಡುತ್ತಿರುವ ಸಿಸ್ಟಮ್ಮನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಲಿನಕ್ಸ್‌ನಲ್ಲೇ ಮಿಂಟ್ ಅಂತ ಒಂದು ಬಗೆ ಇದೆ, ಅದನ್ನು ಹಾಕು, ಅಪ್ಪನಿಗೂ ಸುಲಭ ಆಗುತ್ತೆ ಅಂತ ಗೆಳೆಯ ಹೇಳಿದ.

ಆ ಕಂಪ್ಯೂಟರ್ ಹೆಸರಿಗೆ ನಂದು, ಕೂರುವವರು ಅಪ್ಪ. ನಿವೃತ್ತ ಮೇಷ್ಟ್ರು. ಮಂಡ್ಯದ ಕಡೆ ನಮ್ಮಜ್ಜಿ ಹಾಡುತ್ತಿದ್ದ ಸೋಬಾನೆ ಪದ, ಬೀಸೋ ಪದಗಳನ್ನೆಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಡಿ ಡ್ರೈವ್‌ನಲ್ಲಿ ಇಟ್ಟಿದ್ದರು. ಒಟ್ಟು 112. ಬ್ಯಾಕಪ್ ಇತ್ತಾ ಅಂತ ಕೇಳಬೇಡಿ.

ಶನಿವಾರ ಬೆಳಿಗ್ಗೆ ಕೂತೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೇ ಮಿಂಟ್ ಓಡಿಸಿ ನೋಡಿದೆ. ವೈಫೈ ಬಂತು, ಸೌಂಡ್ ಬಂತು, ಕನ್ನಡ ಅಕ್ಷರ ಚೆನ್ನಾಗಿ ಕಾಣಿಸಿತು. ಇಷ್ಟು ಸರಿ ಮಾಡಿದ್ದೆ. ಆಮೇಲೆ ಇನ್‌ಸ್ಟಾಲ್ ಒತ್ತಿದೆ.

ಎಡವಟ್ಟಾಗಿದ್ದು ಇಲ್ಲೇ. ಒಂದು ಪರದೆಯಲ್ಲಿ ಮೂರು ಆಯ್ಕೆ ಬಂದವು. ವಿಂಡೋಸ್ ಪಕ್ಕದಲ್ಲೇ ಹಾಕುವುದು, 'ಎರೇಸ್ ಡಿಸ್ಕ್' ಮಾಡಿ ಹಾಕುವುದು, ಇಲ್ಲವೇ 'ಸಮ್‌ಥಿಂಗ್ ಎಲ್ಸ್'. ವಿಂಡೋಸ್ ಬೇಡವಾಗಿತ್ತು, ಮೊದಲನೆಯದು ಬಿಟ್ಟೆ. ಮೂರನೆಯದನ್ನು ತೆಗೆದು ನೋಡಿದರೆ ಎಸ್‌ಡಿಎ1, ಎಸ್‌ಡಿಎ2, ಎಸ್‌ಡಿಎ3 ಅಂತ ಒಂದು ಪಟ್ಟಿ. ಸಿ ಎಲ್ಲಿ, ಡಿ ಎಲ್ಲಿ? ಡಿಸ್ಕಿನ ಭಾಗಗಳನ್ನು ಲಿನಕ್ಸ್ ಕರೆಯುವುದೇ ಹಾಗೆ ಅಂತ ಆಗ ಗೊತ್ತಿರಲಿಲ್ಲ. ಅರ್ಥವಾಗದೆ ಗಾಬರಿಯಿಂದ ಹಿಂದಕ್ಕೆ ಬಂದೆ. ಉಳಿದದ್ದು ನಡುವಿನದು.

ಅದರ ಕೆಳಗೆ ಎಚ್ಚರಿಕೆ ಬರೆದಿತ್ತು. ಎಲ್ಲ ಪ್ರೋಗ್ರಾಮ್, ಡಾಕ್ಯುಮೆಂಟ್, ಫೋಟೊ, ಮ್ಯೂಸಿಕ್ ಅಳಿಸಿಹೋಗುತ್ತವೆ ಅಂತ. ಓದಿದೆ ಸ್ವಾಮಿ, ಓದದೇ ಒತ್ತಲಿಲ್ಲ. ಆದರೆ ಡಾಕ್ಯುಮೆಂಟ್ ಅಂದರೆ ಸಿ ಒಳಗಿನ ಮೈ ಡಾಕ್ಯುಮೆಂಟ್ಸ್ ಅಂದುಕೊಂಡೆ! ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿಯವರ ಬಾಯಲ್ಲಿ ಕೇಳಿದ್ದು ಒಂದೇ ಮಾತು: 'ಫಾರ್ಮ್ಯಾಟ್ ಮಾಡ್ತೀನಿ ಸಾರ್, ಡಿ ಡ್ರೈವ್‌ಗೆ ಏನೂ ಆಗಲ್ಲ.' ಅವರು ಸುಳ್ಳು ಹೇಳಿರಲಿಲ್ಲ. ಅವರು ಅಳಿಸುತ್ತಿದ್ದದ್ದು ಸಿ ಮಾತ್ರ.

ನಮ್ಮದರ ಹಾಗೆ ಒಂದೇ ಡಿಸ್ಕ್ ಇರುವ ಕಡೆ ಡಿ ಅನ್ನುವುದು ಬೇರೆ ಡಿಸ್ಕ್ ಅಲ್ಲ. ಒಂದು ಸೈಟಿಗೆ ನಡುವೆ ಬೇಲಿ ಹಾಕಿದ ಹಾಗೆ, ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗ. ಸೈಟ್ ಪೂರ್ತಿ ಸಮ ಮಾಡಪ್ಪ ಅಂತ ಜೆಸಿಬಿಯವನಿಗೆ ಹೇಳಿದರೆ ಅವನು ಬೇಲಿ ನೋಡಿಕೊಂಡು ನಿಲ್ಲುತ್ತಾನಾ? ಎರೇಸ್ ಡಿಸ್ಕ್ ಅಂದರೆ ಪೂರ್ತಿ ಸೈಟ್.

ಇನ್‌ಸ್ಟಾಲ್ ಬೇಗ ಮುಗಿಯಿತು. ಖುಷಿಯಲ್ಲಿ ಅಪ್‌ಡೇಟ್ ಎಲ್ಲ ಹಾಕಿದೆ. ಟೈಮ್‌ಶಿಫ್ಟ್ ಆನ್ ಮಾಡಿ ಅಂತ ಮಿಂಟ್ ಹೇಳಿತು, ಅದನ್ನೂ ಮಾಡಿದೆ. ಮುಂದೆ ಸಿಸ್ಟಮ್ ಕೆಟ್ಟರೆ ಹಿಂದಕ್ಕೆ ಹೋಗಲು ಅನುಕೂಲ ಆಗಲಿ ಅಂತ ಅದು ಸಿಸ್ಟಮ್ ಫೈಲುಗಳ ಪ್ರತಿ ತೆಗೆದಿಡುತ್ತದೆ. ಹಲವು ಜಿಬಿ. ಅದನ್ನು ಬರೆದಿದ್ದು ಎಲ್ಲಿಗೆ? ಅದೇ ಡಿಸ್ಕಿಗೆ.

ಭಾನುವಾರ ಸಂಜೆ ಅಪ್ಪ ಬಂದು ಕೂತರು. 'ನನ್ನ ಫೋಲ್ಡರ್ ಎಲ್ಲೋ?' ಅಂದರು. ಹುಡುಕಿದೆ. ಇನ್ನೂ ಹುಡುಕಿದೆ. ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯಿತು.

ಹೀಗಾಗಿದೆ ಅಂತ ಗೊತ್ತಾದ ಕ್ಷಣವೇ ಕಂಪ್ಯೂಟರ್ ಆಫ್ ಮಾಡಿ. ಸುಮ್ನೆ ಅದೂ ಇದೂ ಒತ್ತುತ್ತಾ ಕೂರಬೇಡಿ. ಹಳೇ ಮಾದರಿಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ್ದು ತಕ್ಷಣ ಮಾಯವಾಗಲ್ಲ, ಅದರ ಮೇಲೆ ಬೇರೇನಾದರೂ ಬರೆಯುವ ತನಕ ಇರುತ್ತದೆ. ನೀವು ಇಳಿಸುವ ಒಂದೊಂದು ಅಪ್‌ಡೇಟ್ ಕೂಡ ಹಳೆಯದರ ಮೇಲೆ ಕೂರಬಹುದು. ಹೊಸ ಮಾದರಿಯ, ಚಿಪ್‌ಗಳಲ್ಲಿ ಉಳಿಸುವ ಎಸ್‌ಎಸ್‌ಡಿ ಆಗಿದ್ದರೆ ಆಸೆ ಇನ್ನೂ ಕಡಿಮೆ. ಅಳಿಸಿದ ಜಾಗವನ್ನು ಅದು ಟ್ರಿಮ್ ಎಂಬ ಕ್ರಮದಲ್ಲಿ ತಾನೇ ಖಾಲಿ ಮಾಡಿಕೊಳ್ಳುತ್ತದೆ.

ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಅಳಿಸಿದ್ದನ್ನು ತೆಗೆದುಕೊಡಲು 18 ಸಾವಿರ ಕೇಳಿದರು, ಗ್ಯಾರಂಟಿ ಏನಿಲ್ಲ ಅಂತಲೂ ಹೇಳಿದರು. ವಾಪಸ್ ಬಂದು ಡಿಸ್ಕ್ ಬಿಚ್ಚಿದೆ. ಗೆಳೆಯನ ಲ್ಯಾಪ್‌ಟಾಪಿಗೆ ಕೇಬಲ್‌ನಲ್ಲಿ ಸಿಕ್ಕಿಸಿ ಅಳಿಸಿದ ಫೈಲ್ ಹುಡುಕಿಕೊಡುವ ಫೋಟೋರೆಕ್ ಎಂಬ ಉಚಿತ ಪ್ರೋಗ್ರಾಮ್ ಓಡಿಸಿದೆವು. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಬೇಕು, ನೆನಪಿರಲಿ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೋಡಿದರೆ ಸಾವಿರಾರು ಫೈಲ್. ಹೆಸರಿಲ್ಲ, ಫೋಲ್ಡರಿಲ್ಲ, ಬರೀ ನಂಬರು. ಜಾಸ್ತಿ ಪಾಲು ಬ್ರೌಸರಿನ ಚಿಲ್ಲರೆ ಚಿತ್ರಗಳು.

ವರ್ಡ್ ಫೈಲುಗಳನ್ನು ಬೇರೆ ಮಾಡಿ ತೆರೆದರೆ ಕನ್ನಡವೇ ಇಲ್ಲ. ಟೋಪಿ, ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳ ಸಾಲು. ಫೈಲ್ ಕೆಟ್ಟಿದೆ ಅಂತ ಮೊದಲ ಹತ್ತನ್ನು ಡಿಲೀಟ್ ಮಾಡಲು ಹೊರಟಿದ್ದೆ! ಪುಣ್ಯಕ್ಕೆ ಗೆಳೆಯ ತಡೆದ. ಅಪ್ಪ ಬರೆದದ್ದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ ಎಂಬ ಕ್ರಮದಲ್ಲಿ ಅಲ್ಲ, ನುಡಿಯ ಹಳೆಯ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಡೆ ಅದು ಹಾಗೇ ಕಾಣುವುದು. ಫಾಂಟ್ ಫೈಲ್ ತಂದು ಹಾಕಿದ ಮೇಲೆ ಪರದೆ ಮೇಲೆ 'ಹಸೆಗೆ ಬಾ' ಅಂತ ಮೂಡಿತು. ಮನೆಯಲ್ಲಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೇ ಫೈಲುಗಳಿದ್ದರೆ ಲಿನಕ್ಸ್‌ಗೆ ಹೋಗುವ ಮೊದಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಹಳೇ ಫಾಂಟುಗಳನ್ನೂ ಕಾಪಿ ಮಾಡಿ ಇಟ್ಟುಕೊಳ್ಳಿ.

ಕೊನೆಗೆ ಸಿಕ್ಕಿದ್ದು 61 ಪದ. ಇದರಲ್ಲೊಂದು ವಿಚಿತ್ರ ಇದೆ. ಬಿಡಿ ಬಿಡಿಯಾಗಿ ಒಂದೊಂದು ಪದ ಬರೆದಿಟ್ಟ ಚಿಕ್ಕ ಫೈಲುಗಳು ಉಳಿದವು. ಎಲ್ಲವನ್ನೂ ಸೇರಿಸಿ, ತಿದ್ದಿ, ದಿನವೂ ಕೈಯಾಡಿಸುತ್ತಿದ್ದ ದೊಡ್ಡ ಫೈಲ್ ಹೋಯಿತು. ಪದೇ ಪದೇ ತಿದ್ದಿದ ಫೈಲ್ ಡಿಸ್ಕಿನಲ್ಲಿ ಅಲ್ಲಲ್ಲಿ ಚೂರಾಗಿ ಕೂತಿರಬಹುದು, ಅಂಥದ್ದನ್ನು ಫೋಟೋರೆಕ್ ಸಾಮಾನ್ಯವಾಗಿ ಜೋಡಿಸಲಾರದು. ಅಪ್ಪ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನೀವು ಹೊರಟಿದ್ದರೆ ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಬಿಚ್ಚಿ ಬೀರುವಿನಲ್ಲಿಡಿ. ಇನ್‌ಸ್ಟಾಲ್ ಮಾಡುವಾಗ ಸಿಕ್ಕಿಸಿಕೊಂಡೇ ಇದ್ದು, ತಪ್ಪಿ ಅದನ್ನೇ ಅಳಿಸಿದವರೂ ಇದ್ದಾರೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಒಂದು ಚಿಕ್ಕ ಎಸ್‌ಎಸ್‌ಡಿ ತಂದು ಲಿನಕ್ಸನ್ನು ಅದಕ್ಕೇ ಹಾಕಿ, ಹಳೇ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ. ನಾನು ಉಳಿಸಲು ಹೋಗಿದ್ದು ಅದೇ ದುಡ್ಡು.

ಮಿಂಟ್ ಬಗ್ಗೆ ನನ್ನ ದೂರೇನೂ ಇಲ್ಲ, ಈಗಲೂ ಅದೇ ಓಡುತ್ತಿದೆ. ನುಡಿಯ ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಗುತ್ತದೆ. ಅಪ್ಪ ಈಗ ಊರಿನ ಅತ್ತೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಕಳೆದುಹೋದ ಪದಗಳನ್ನು ಹಾಡಿಸಿಕೊಂಡು ಮತ್ತೆ ಟೈಪ್ ಮಾಡುತ್ತಿದ್ದಾರೆ. ಒಂದೊಂದು ಮುಗಿದಾಗಲೂ ನನ್ನನ್ನು ಕರೆದು ಕೇಳುತ್ತಾರೆ: 'ಇದು ಡಿ ಒಳಗೇ ಹೋಯ್ತು ತಾನೆ?'

ಲಿನಕ್ಸ್‌ನಲ್ಲಿ ಡಿ ಅನ್ನೋದೇ ಇಲ್ಲ ಅಂತ ಅವರಿಗೆ ಇನ್ನೂ ಹೇಳಿಲ್ಲ.